ಪಾಸ್‌ವರ್ಡ್ ಕೇಳದೆಯೇ ‘ಪರ್ಮಿಷನ್ ಡಿನೈಡ್’ ಏಕೆ?

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದ ಉಬುಂಟು ಕಂಪ್ಯೂಟರಿನಲ್ಲಿ ಹೊಸ ಪ್ರಿಂಟರಿನ ವಿಳಾಸವನ್ನು ಹೋಸ್ಟ್ಸ್ ಕಡತಕ್ಕೆ (ಹೆಸರುಗಳಿಗೆ ನೆಟ್‌ವರ್ಕ್ ವಿಳಾಸ ಬರೆದಿಡುವ ಕಡತ) ಸೇರಿಸಬೇಕಿದೆ. ಸಹೋದ್ಯೋಗಿಯೊಬ್ಬರು ವರ್ಡ್‌ನಲ್ಲಿ ಬರೆದಿಟ್ಟಿದ್ದ ಸಾಲನ್ನು ಟರ್ಮಿನಲ್‌ಗೆ ಅಂಟಿಸಿದೆ:

ಸುಡೋ ಎಕೋ “192.168.1.20 ಪ್ರಿಂಟರ್” > /ಇಟಿಸಿ/ಹೋಸ್ಟ್ಸ್

‘ಪರ್ಮಿಷನ್ ಡಿನೈಡ್’ ಎಂದು ಬರುತ್ತದೆ; ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ರೂಟ್ (ಎಲ್ಲ ಹಕ್ಕುಗಳಿರುವ ನಿರ್ವಾಹಕ ಖಾತೆ) ಆಗಿ ಲಾಗಿನ್ ಮಾಡಿ ಇದೇ ಸಾಲನ್ನು ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಈ ಸಾಲು ವಿಫಲವಾದದ್ದು ನಿಮ್ಮ ಅದೃಷ್ಟ. ಒಂದೇ ಒಂದು > ಚಿಹ್ನೆ ಇದ್ದರೆ ಕಡತದಲ್ಲಿ ಇದ್ದುದೆಲ್ಲ ಅಳಿಸಿಹೋಗಿ ಹೊಸ ಸಾಲು ಮಾತ್ರ ಉಳಿಯುತ್ತದೆ. ರೂಟ್ ಆಗಿದ್ದರೆ ತಡೆಯುವವರೂ ಇರುವುದಿಲ್ಲ, ಕಂಪ್ಯೂಟರ್ ತನ್ನನ್ನೇ ಗುರುತಿಸಲು ಬಳಸುವ 127.0.0.1 ಲೋಕಲ್‌ಹೋಸ್ಟ್ ಎಂಬ ಸಾಲೂ ಹೋಗುತ್ತದೆ.

ಪಾಸ್‌ವರ್ಡ್ ಕೇಳಲಿಲ್ಲ ಎಂದು ಬರೆದಿರಲ್ಲ, ಕಾರಣ ಅಲ್ಲಿಯೇ ಇದೆ. > ಚಿಹ್ನೆ ಪಠ್ಯವನ್ನು ಹೊರಹಾಕುವ ಎಕೋಗಾಗಲಿ ನಿರ್ವಾಹಕ ಹಕ್ಕಿನಲ್ಲಿ ಆದೇಶ ನಡೆಸುವ ಸುಡೋಗಾಗಲಿ ಸೇರಿದ್ದಲ್ಲ, ಅದು ಟರ್ಮಿನಲ್‌ನಲ್ಲಿ ನಿಮ್ಮ ಆದೇಶಗಳನ್ನು ಓದಿ ನಡೆಸುವ ಶೆಲ್‌ನ ಕೆಲಸ. ಸಾಲನ್ನು ಓದಿದ ಶೆಲ್ ಆದೇಶವನ್ನು ನಡೆಸುವ ಮೊದಲೇ ಕಡತವನ್ನು ಬರೆಯಲು ತೆರೆಯುತ್ತದೆ, ಅದೂ ನಿಮ್ಮ ಸಾಮಾನ್ಯ ಖಾತೆಯ ಹಕ್ಕಿನಲ್ಲಿ. ಅಲ್ಲಿಯೇ ಬಾಗಿಲು ಮುಚ್ಚಿದ್ದರಿಂದ ಸುಡೋಗೆ ಸರದಿ ಬರಲೇ ಇಲ್ಲ. ‘ಸಾರ್ಟ್ ಹೆಸರುಗಳು > ಹೆಸರುಗಳು’ ಎಂದು ಕೊಟ್ಟವರ ಕಡತ ಬರಿದಾಗುವುದೂ ಇದೇ ಕಾರಣಕ್ಕೆ: ಸಾಲುಗಳನ್ನು ಕ್ರಮಕ್ಕೆ ಜೋಡಿಸುವ ಸಾರ್ಟ್ ಓದಲು ಬರುವಷ್ಟರಲ್ಲಿ ಶೆಲ್ ಅದನ್ನು ಖಾಲಿ ಮಾಡಿರುತ್ತದೆ.

ಹಾಗಾಗಿ ಬರೆಯುವ ಕೆಲಸವನ್ನು ಸುಡೋ ಹಕ್ಕಿರುವ ಇನ್ನೊಂದು ಆದೇಶಕ್ಕೆ ಒಪ್ಪಿಸಬೇಕು. ಮೊದಲು ಪ್ರತಿ ತೆಗೆದಿಡಿ, ಆಮೇಲೆ ಸೇರಿಸಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ):

ಸುಡೋ ಸಿಪಿ /ಇಟಿಸಿ/ಹೋಸ್ಟ್ಸ್ /ಇಟಿಸಿ/ಹೋಸ್ಟ್ಸ್.ಹಳೆಯದು

ಎಕೋ '192.168.1.20 ಪ್ರಿಂಟರ್' | ಸುಡೋ ಟೀ -ಎ /ಇಟಿಸಿ/ಹೋಸ್ಟ್ಸ್

| ಚಿಹ್ನೆ ಎಕೋ ಕೊಟ್ಟ ಸಾಲನ್ನು ಟೀಗೆ ದಾಟಿಸುತ್ತದೆ, ಟೀ ಅದನ್ನು ಕಡತದ ಕೊನೆಗೆ ಸೇರಿಸುತ್ತದೆ. ಇಲ್ಲಿ ‘-ಎ’ ಬಿಟ್ಟರೆ ಟೀ ಕೂಡ ಹಳೆಯದನ್ನು ಅಳಿಸಿಯೇ ಬರೆಯುತ್ತದೆ. ಸಣ್ಣಕ್ಷರದ ಈ ‘ಎ’ಯನ್ನು ಎಂಟರ್ ಒತ್ತುವ ಮುನ್ನ ಮತ್ತೊಮ್ಮೆ ನೋಡಿಕೊಳ್ಳಿ.

ನೀವು ಕಳುಹಿಸಿದ ಸಾಲಿನಲ್ಲಿ ಇನ್ನೊಂದು ದೋಷವಿದೆ. ವರ್ಡ್ ನೇರ ಉದ್ಧರಣ ಚಿಹ್ನೆಗಳನ್ನು ತಾನಾಗಿಯೇ ಬಾಗಿದ “ ” ಚಿಹ್ನೆಗಳಾಗಿ ಬದಲಿಸುತ್ತದೆ. ಶೆಲ್‌ಗೆ ಇವು ಉದ್ಧರಣ ಚಿಹ್ನೆಗಳೇ ಅಲ್ಲ, ಬೇರೆಲ್ಲ ಅಕ್ಷರಗಳಂತೆ ಇವೂ ಅಕ್ಷರಗಳು. ಅನುಮತಿ ಸಿಕ್ಕಿದ್ದರೂ “192.168.1.20 ಎಂದು ಚಿಹ್ನೆಯ ಸಮೇತ ಕಡತಕ್ಕೆ ಇಳಿದು, ಆ ವಿಳಾಸ ಕೆಲಸಕ್ಕೆ ಬಾರದಂತಾಗುತ್ತಿತ್ತು. ಆದೇಶಗಳನ್ನು ಸಾದಾ ಪಠ್ಯ ಕಡತದಲ್ಲಿಯೇ ಬರೆದಿಡಿ ಎಂದು ಸಹೋದ್ಯೋಗಿಗೂ ತಿಳಿಸಿ.

ಕೊನೆಗೆ, ಹೆಸರಿನ ವಿಳಾಸವನ್ನು ಹುಡುಕಿ ತೋರಿಸುವ ‘ಗೆಟೆಂಟ್ ಹೋಸ್ಟ್ಸ್ ಪ್ರಿಂಟರ್’ ಎಂಬ ಆದೇಶ ಕೊಡಿ. 192.168.1.20 ಎಂಬ ವಿಳಾಸ ಬಂದರೆ ಹೊಸ ಸಾಲು ಸರಿಯಾಗಿ ಸೇರಿದೆ.