ಓದುಗರು ಅರ್ಧಕ್ಕೇ ಎದ್ದು ಹೋಗದಂತೆ ಬರೆಯುವುದು ಹೇಗೆ?

ಬ್ಲಾಗ್ ಬರಹ ರಂಜಕವಾಗಬೇಕು, ಓದುಗರು ಕೊನೆಯವರೆಗೂ ಜೊತೆಗಿರಬೇಕು, ಆದರೆ ಹಾಗಾಗುತ್ತಿಲ್ಲ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಉಳಿದ ನಾಲ್ಕರ ಬೇರು ಅದರಲ್ಲೇ ಇದೆ.

ಪ್ರಶ್ನೆ: ನಾನು ಖಗೋಳ ವಿಜ್ಞಾನದ ಬಗ್ಗೆ ಬರೆಯುತ್ತೇನೆ. ಮಾಹಿತಿ ಸರಿಯಾಗಿರುತ್ತದೆ, ಭಾಷೆಯೂ ಸರಳ. ಆದರೂ ಬಹಳಷ್ಟು ಜನ ಎರಡನೇ ಪ್ಯಾರಾ ದಾಟುವುದಿಲ್ಲ. ಜೋಕು ಸೇರಿಸಿದೆ, ಕುಣಿಯುವ ಚಿತ್ರ ಹಾಕಿದೆ, ಎಮೋಜಿ ಹಾಕಿದೆ. ಪ್ರಯೋಜನವಾಗಲಿಲ್ಲ. ಇನ್ನೇನು ಸೇರಿಸಬೇಕು?

ಏನನ್ನೂ ಸೇರಿಸಬೇಡಿ. ಸೇರಿಸಿದ್ದನ್ನು ಮೊದಲು ತೆಗೆಯಿರಿ.

ರಂಜನೆಯನ್ನು ಬರಹದ ಮೇಲೆ ಬಳಿಯುವ ಬಣ್ಣ ಎಂದುಕೊಂಡಾಗ ಹೀಗಾಗುತ್ತದೆ. ಶಾನನ್ ಹಾರ್ಪ್ ಮತ್ತು ರಿಚರ್ಡ್ ಮೇಯರ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಕಣ್ಣು ತೆರೆಸುವಂಥವು. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಪಾಠವನ್ನು ಅವರು ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕೆಲವರ ಪಾಠದಲ್ಲಿ ಸಿಡಿಲು ಬಡಿದವರ ಬಗೆಗಿನ ಸ್ವಾರಸ್ಯಕರ ಸಂಗತಿಗಳನ್ನೂ ಸೇರಿಸಿದ್ದರು. ಕೇಳಲು ಚೆನ್ನಾಗಿದ್ದರೂ ಮಿಂಚು ಹುಟ್ಟುವ ಬಗೆಗೂ ಅವಕ್ಕೂ ಸಂಬಂಧವಿರಲಿಲ್ಲ. ಅಂಥ ಪಾಠ ಓದಿದವರಿಗೆ ಮುಖ್ಯ ವಿಷಯವೇ ಕಡಿಮೆ ನೆನಪಿತ್ತು. ಗಮನ ಚದುರಿದ್ದಕ್ಕಿಂತ ಹೆಚ್ಚಾಗಿ, ಪಾಠ ಯಾವುದರ ಬಗ್ಗೆ ಎಂದು ಅವರು ತಪ್ಪಾಗಿ ಊಹಿಸಿಕೊಂಡದ್ದೇ ಕಾರಣ ಎಂದು ಸಂಶೋಧಕರು ತೀರ್ಮಾನಿಸಿದರು. ಅದೇ ಸಂಗತಿಗಳನ್ನು ಪಾಠದ ಕೊನೆಗೆ ಸರಿಸಿದಾಗ ಹಾನಿ ಇಳಿಯಿತು. ಅಂದರೆ ವಿಷಯಕ್ಕೆ ಸಂಬಂಧವಿಲ್ಲದ ಜೋಕಿನಿಂದ ಶುರುಮಾಡುವುದು ಅದನ್ನು ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ ಇಟ್ಟ ಹಾಗೆ.

ಹಾಗಾದರೆ ಸ್ವಾರಸ್ಯ ಎಲ್ಲಿಂದ ಬರಬೇಕು? ವಿಷಯದ ಒಳಗಿನಿಂದಲೇ. ನಿಮ್ಮ ಕ್ಷೇತ್ರದ್ದೇ ಉದಾಹರಣೆ ತೆಗೆದುಕೊಳ್ಳೋಣ. ಚಂದ್ರನ ಬಗೆಗಿನ ಲೇಖನಗಳು ಸಾಮಾನ್ಯವಾಗಿ ಹೀಗೆ ಶುರುವಾಗುತ್ತವೆ:

'ಚಂದ್ರನು ಭೂಮಿಯ ಏಕೈಕ ನೈಸರ್ಗಿಕ ಉಪಗ್ರಹವಾಗಿದ್ದು, ಭೂಮಿಯಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದೆ.'

ಇದರಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದವರ ಮನಸ್ಸಿನಲ್ಲಿ ಯಾವ ಪ್ರಶ್ನೆಯೂ ಏಳುವುದಿಲ್ಲ, ಹಾಗಾಗಿ ಮುಂದಿನ ಸಾಲಿಗೆ ಹೋಗಲು ಕಾರಣವೂ ಇರುವುದಿಲ್ಲ. ಈಗ ಇದನ್ನು ನೋಡಿ:

'ಚಂದ್ರ ನಮ್ಮಿಂದ ದೂರ ಸರಿಯುತ್ತಿದ್ದಾನೆ, ವರ್ಷಕ್ಕೆ ಸುಮಾರು 3.8 ಸೆಂ.ಮೀ. ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿ.ಮೀ. ಆಚೆ ಇರುವವನು ಎರಡು ಬೆರಳಗಲದಷ್ಟು ಸರಿದದ್ದು ನಮಗೆ ಗೊತ್ತಾದದ್ದಾದರೂ ಹೇಗೆ?'

ಮಾಹಿತಿ ಹೆಚ್ಚುಕಡಿಮೆ ಅಷ್ಟೇ, ಆದರೆ ಈಗ ಓದುಗರಿಗೆ ಒಂದು ಉತ್ತರ ಬೇಕಾಗಿದೆ. ಕೊಡಿ: 1969ರಲ್ಲಿ ಅಪೋಲೋ 11ರ ಗಗನಯಾತ್ರಿಗಳು ಚಂದ್ರನ ನೆಲದ ಮೇಲೆ ಪ್ರತಿಫಲಕವೊಂದನ್ನು ಇಟ್ಟು ಬಂದರು. ಭೂಮಿಯಿಂದ ಅದರತ್ತ ಲೇಸರ್ ಬೆಳಕು ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳಿ ಬರುತ್ತದೆ, ಆ ಸಮಯವನ್ನು ಅತಿ ಸೂಕ್ಷ್ಮವಾಗಿ ಅಳೆದರೆ ದೂರ ಸಿಗುತ್ತದೆ. ಸರಿ, ಆದರೆ ಚಂದ್ರ ಸರಿಯುವುದೇಕೆ? ಉಬ್ಬರದಿಂದ. ಚಂದ್ರನ ಸೆಳೆತಕ್ಕೆ ಸಮುದ್ರ ಉಬ್ಬುತ್ತದೆ, ತಿರುಗುವ ಭೂಮಿ ಆ ಉಬ್ಬನ್ನು ಚಂದ್ರನಿಗಿಂತ ತುಸು ಮುಂದಕ್ಕೆ ಒಯ್ಯುತ್ತದೆ. ಆ ಉಬ್ಬು ಚಂದ್ರನನ್ನು ಮುಂದಕ್ಕೆ ಸೆಳೆಯುತ್ತದೆ, ಅವನ ಕಕ್ಷೆ ಹಿಗ್ಗುತ್ತದೆ. ಬದಲಿಗೆ ಭೂಮಿಯ ತಿರುಗಾಟ ನಿಧಾನವಾಗುತ್ತದೆ. ಹಾಗಾದರೆ ಹಿಂದೆ ದಿನ ಚಿಕ್ಕದಿತ್ತೇ? ಇತ್ತು. 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಹವಳದ ಪಳೆಯುಳಿಕೆಗಳ ಮೇಲೆ ದಿನಕ್ಕೊಂದರಂತೆ ಮೂಡಿದ ಬೆಳವಣಿಗೆಯ ಗೆರೆಗಳನ್ನು ಎಣಿಸಿ, ಸುಮಾರು 40 ಕೋಟಿ ವರ್ಷಗಳ ಹಿಂದೆ ಒಂದು ವರ್ಷಕ್ಕೆ ಸುಮಾರು 400 ದಿನಗಳಿದ್ದವು ಎಂದು ತೋರಿಸಿದರು.

ಲೇಸರ್‌ನಿಂದ ಹೊರಟವರು ಹವಳಕ್ಕೆ ಬಂದು ನಿಂತೆವು. ನಡುವೆ ಜೋಕು ಬೇಕಾಗಲಿಲ್ಲ, ಪ್ರತಿ ಉತ್ತರದ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬಂತು. ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ತನಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದದ್ದಕ್ಕೂ ನಡುವಿನ ಅಂತರ ಕಣ್ಣಿಗೆ ಬಿದ್ದಾಗಲೇ ಮನುಷ್ಯನಿಗೆ ಕುತೂಹಲ ಹುಟ್ಟುತ್ತದೆ. ಏನೂ ಗೊತ್ತಿಲ್ಲದವರಿಗೆ ಆ ಅಂತರ ಕಾಣುವುದಿಲ್ಲ. ಆದ್ದರಿಂದ ಮೊದಲು ಸ್ವಲ್ಪ ಕೊಡಿ, ಅನಂತರ ಏನು ಬಾಕಿ ಇದೆ ಎಂದು ತೋರಿಸಿ.

ನಿಮ್ಮ ಹಳೆಯ ಲೇಖನವೊಂದನ್ನು ತೆಗೆದು, ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಯಾವ ಪ್ರಶ್ನೆಗೆ ಉತ್ತರ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಆ ಪ್ರಶ್ನೆ ಹಿಂದಿನ ಪ್ಯಾರಾದಲ್ಲಿ ಹುಟ್ಟಿದೆಯೇ? ಹುಟ್ಟಿಲ್ಲದಿದ್ದರೆ ನಿಮ್ಮ ಓದುಗರು ಎದ್ದು ಹೋಗುತ್ತಿರುವುದು ಬಹುಶಃ ಅಲ್ಲಿಂದಲೇ. ಪ್ಯಾರಾಗಳ ಕ್ರಮ ಬದಲಿಸಿದರೆ ಎಷ್ಟೋ ಸಲ ಸಾಕು, ಹೊಸದಾಗಿ ಬರೆಯಬೇಕಾಗುವುದಿಲ್ಲ.

ಜೋಕು ಪೂರ್ತಿ ನಿಷಿದ್ಧವೇ ಎಂದು ಕೇಳಬಹುದು. ಖಂಡಿತ ಇಲ್ಲ. ವಿಷಯವನ್ನು ಅರ್ಥಮಾಡಿಸುವ ಜೋಕು ಇದ್ದರೆ ಸಂತೋಷದಿಂದ ಇಟ್ಟುಕೊಳ್ಳಿ. ತೆಗೆದುಹಾಕಿದರೂ ಲೇಖನಕ್ಕೆ ಏನೂ ಕೊರತೆಯಾಗದಿದ್ದರೆ ಮಾತ್ರ ಬಿಟ್ಟುಬಿಡಿ.

ಪ್ರಶ್ನೆ: ಕುತೂಹಲ ಕೆರಳಿಸುವ ಶೀರ್ಷಿಕೆ ಇಟ್ಟರೆ ಜನ ಬರುತ್ತಾರೆ, ಆದರೆ ನನಗೇ ಮೋಸ ಮಾಡಿದ ಹಾಗೆ ಅನ್ನಿಸುತ್ತದೆ. ನೇರವಾದ ಶೀರ್ಷಿಕೆ ಇಟ್ಟರೆ ಯಾರೂ ತೆರೆಯುವುದಿಲ್ಲ. ಏನು ಮಾಡಲಿ?

ನಿಮ್ಮ ಅಳುಕು ಸರಿಯಾಗಿದೆ, ಅದನ್ನು ಬಿಡಬೇಡಿ. 2016ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಇಂಥ ಶೀರ್ಷಿಕೆಗಳನ್ನು ಹಿಂದಕ್ಕೆ ತಳ್ಳುವುದಾಗಿ ಪ್ರಕಟಿಸಿದಾಗ ಎರಡು ಅಂಶ ನೋಡುವುದಾಗಿ ಹೇಳಿತ್ತು: ಲೇಖನ ಯಾವುದರ ಬಗ್ಗೆ ಎಂದು ತಿಳಿಯಲು ಬೇಕಾದ ಮಾಹಿತಿಯನ್ನು ಶೀರ್ಷಿಕೆ ಬಚ್ಚಿಡುತ್ತದೆಯೇ, ಇರುವುದನ್ನು ಉಬ್ಬಿಸಿ ಓದುಗರನ್ನು ದಾರಿ ತಪ್ಪಿಸುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ನಾವೇ ಕೇಳಿಕೊಂಡರೂ ಆಯಿತು.

'ಚಂದ್ರನ ಬಗ್ಗೆ ಈ ಸತ್ಯ ಕೇಳಿದರೆ ಬೆಚ್ಚಿಬೀಳುತ್ತೀರಿ' ಎಂಬುದು ಎರಡರಲ್ಲೂ ಸಿಕ್ಕಿಬೀಳುತ್ತದೆ. 'ಚಂದ್ರ ದೂರ ಸರಿದಂತೆ ನಮ್ಮ ದಿನ ಏಕೆ ಉದ್ದವಾಗುತ್ತಿದೆ?' ಎಂಬುದು ಸಿಕ್ಕಿಬೀಳುವುದಿಲ್ಲ. ಲೇಖನ ಏನು ಎಂಬುದನ್ನು ಅದು ಬಿಚ್ಚಿಟ್ಟಿದೆ, ಏಕೆ ಎಂಬುದನ್ನು ಮಾತ್ರ ಒಳಗೆ ಉಳಿಸಿಕೊಂಡಿದೆ. ಒಳಗೆ ಬಂದವರಿಗೆ ಆ ಉತ್ತರ ಮೊದಲ ಅರ್ಧದಲ್ಲೇ ಸಿಗಬೇಕು. ಕೊನೆಯ ಸಾಲಿನವರೆಗೆ ಅವರನ್ನು ಎಳೆದಾಡಬೇಡಿ, ಅಂಥವರು ಮುಂದಿನ ಸಲ ನಿಮ್ಮ ಶೀರ್ಷಿಕೆ ಎಷ್ಟೇ ಚೆನ್ನಾಗಿದ್ದರೂ ಬರುವುದಿಲ್ಲ.

ಶೀರ್ಷಿಕೆಯನ್ನು ಲೇಖನ ಮುಗಿದ ಮೇಲೆ ಬರೆಯಿರಿ. ಮೊದಲೇ ಬರೆದರೆ ಅದಕ್ಕೆ ತಕ್ಕಂತೆ ಲೇಖನವನ್ನು ಉಬ್ಬಿಸುವ ಆಸೆ ಹುಟ್ಟುತ್ತದೆ.

ಪ್ರಶ್ನೆ: ಈಗ ಯಾರಿಗೂ ಉದ್ದ ಓದುವ ತಾಳ್ಮೆ ಇಲ್ಲ ಅನ್ನುತ್ತಾರೆ. ಎಲ್ಲವನ್ನೂ 300 ಪದಕ್ಕೆ ಇಳಿಸಬೇಕೇ?

ಬೇಡ. ಈ ದೂರು ಹೊಸದೂ ಅಲ್ಲ. ಜನ ಜಾಲತಾಣಗಳನ್ನು ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ಜಾಕೋಬ್ ನೀಲ್ಸನ್ 1997ರಲ್ಲೇ ಪರೀಕ್ಷೆ ಮಾಡಿ, ಹೊಸ ಜಾಲಪುಟ ಕಂಡಾಗ ಶೇ 79ರಷ್ಟು ಮಂದಿ ಸುಮ್ಮನೆ ಕಣ್ಣಾಡಿಸುತ್ತಾರೆ, ಒಂದೊಂದು ಪದವನ್ನೂ ಓದುವವರು ಶೇ 16 ಮಾತ್ರ ಎಂದು ಬರೆದಿದ್ದರು. ಆಗ ಸ್ಮಾರ್ಟ್‌ಫೋನ್ ಜನರ ಕೈಗೆ ಬಂದಿರಲಿಲ್ಲ. ಕಣ್ಣಾಡಿಸುವವರು ತಮಗೆ ಬೇಕಾದದ್ದು ಇಲ್ಲಿದೆಯೇ ಎಂದು ಹುಡುಕುತ್ತಿರುತ್ತಾರೆ, ಸಿಕ್ಕರೆ ನಿಂತು ಓದುತ್ತಾರೆ. ಅವರಿಗೆ ನಿಲ್ಲುವ ಜಾಗ ಮಾಡಿಕೊಡಿ. 'ಕಾರಣಗಳು' ಎಂಬ ಉಪಶೀರ್ಷಿಕೆ ಯಾರನ್ನೂ ನಿಲ್ಲಿಸುವುದಿಲ್ಲ, 'ದಿನ ಉದ್ದವಾಗಲು ಉಬ್ಬರವೇ ಕಾರಣ' ಎಂಬುದು ನಿಲ್ಲಿಸುತ್ತದೆ. ಉದ್ದದ ಮಟ್ಟಿಗೆ ಹೇಳುವುದಾದರೆ, ನೀವು ಎತ್ತಿದ ಪ್ರಶ್ನೆ ತೀರುವವರೆಗೆ ಬರೆಯಿರಿ.

ಪ್ರಶ್ನೆ: ನನ್ನ ವಿಷಯ ವಿಮೆ. ಹಾಸ್ಯ ಮಾಡುವಂಥದ್ದಲ್ಲ, ನನಗೆ ಹಾಸ್ಯ ಬರುವುದೂ ಇಲ್ಲ. ಇಂಥ ಒಣ ವಿಷಯವನ್ನು ರಂಜಕವಾಗಿ ಬರೆಯಲು ಸಾಧ್ಯವೇ?

ವಿಮೆ ಒಣ ವಿಷಯ ಎಂದು ನನಗೆ ಅನ್ನಿಸುವುದಿಲ್ಲ. ಕಾಯಿಲೆ, ಸಾವು, ಬೆಂಕಿ, ಅಪಘಾತ, ಇವೆಲ್ಲ ಅದರೊಳಗೇ ಇವೆ. ಒಣಗಿರುವುದು ನಾವು ಅದಕ್ಕೆ ಬಳಸುವ ವಾಕ್ಯ. ಉದಾಹರಣೆಗೆ:

'ಪಾಲಿಸಿದಾರರಿಂದ ನಿಗದಿತ ಅವಧಿಯೊಳಗೆ ದಾಖಲೆಗಳು ಸಲ್ಲಿಸಲ್ಪಡದಿದ್ದಲ್ಲಿ ಕ್ಲೇಮ್ ತಿರಸ್ಕರಿಸಲ್ಪಡುವ ಸಾಧ್ಯತೆ ಇರುತ್ತದೆ.'

ಇಲ್ಲಿ ಮನುಷ್ಯರೇ ಇಲ್ಲ. ಸಲ್ಲಿಸುವವರೂ ತಿರಸ್ಕರಿಸುವವರೂ ಕರ್ಮಣಿ ಪ್ರಯೋಗದ ಹಿಂದೆ ಮರೆಯಾಗಿದ್ದಾರೆ. ಅವರನ್ನು ಹೊರಗೆ ಕರೆಯೋಣ:

'ಆಸ್ಪತ್ರೆಯಿಂದ ಮನೆಗೆ ಬಂದಿದ್ದೀರಿ. ಬಿಲ್ಲುಗಳೆಲ್ಲ ಒಂದು ಕವರಿನಲ್ಲಿವೆ. ಸುಸ್ತು, ಮುಂದಿನ ವಾರ ನೋಡಿದರಾಯಿತು ಅಂದುಕೊಳ್ಳುತ್ತೀರಿ. ಪಾಲಿಸಿಯಲ್ಲಿ ಹೇಳಿರುವ ಗಡುವು ಅಷ್ಟರೊಳಗೆ ದಾಟಿದರೆ, ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಒಂದು ಕಾರಣ ಸಿಕ್ಕಂತೆ.'

ನಗು ಬರುವುದಿಲ್ಲ, ಆದರೆ ಎದ್ದು ಹೋಗಿ ಕವರು ಹುಡುಕುವ ಹಾಗಾಗುತ್ತದೆ. ಓದುಗರನ್ನು ಹಿಡಿದಿಡುವುದು ಅಂದರೆ ನನ್ನ ಮಟ್ಟಿಗೆ ಇದೇ. ರುಡಾಲ್ಫ್ ಫ್ಲೆಷ್ 1948ರಲ್ಲಿ ಬರಹದ ಓದುಸುಲಭತೆ ಅಳೆಯುವ ಸೂತ್ರ ಕೊಟ್ಟಾಗ, ಅದರ ಜೊತೆಗೇ ಮಾನವೀಯ ಆಸಕ್ತಿಯನ್ನು ಅಳೆಯುವ ಎರಡನೇ ಸೂತ್ರವನ್ನೂ ಕೊಟ್ಟಿದ್ದರು. ಅದರಲ್ಲಿ ಅವರು ಎಣಿಸಿದ್ದು ವ್ಯಕ್ತಿಗಳನ್ನು ಸೂಚಿಸುವ ಪದಗಳನ್ನು, ಮತ್ತು ಆಡಿದ ಮಾತು, ಪ್ರಶ್ನೆ, ಓದುಗರನ್ನೇ ಕುರಿತ ವಾಕ್ಯಗಳಂಥವನ್ನು. ಸೂತ್ರ ಇಂಗ್ಲಿಷಿಗಾಗಿ ಮಾಡಿದ್ದು, ಅಂಕಗಳು ನಮಗೆ ಒಪ್ಪುವುದಿಲ್ಲ. ಏನನ್ನು ಎಣಿಸಬೇಕು ಎಂಬ ಯೋಚನೆ ಮಾತ್ರ ಒಪ್ಪುತ್ತದೆ.

ಒಬ್ಬ ವ್ಯಕ್ತಿಯ ಕಥೆ ಹೇಳುವಾಗ ಅಂಕಿಅಂಶಗಳನ್ನು ಸ್ವಲ್ಪ ದೂರ ಇಡಿ. ಡೆಬೊರಾ ಸ್ಮಾಲ್, ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಅಂಕಿಅಂಶ ಓದಿದವರಿಗಿಂತ ಒಂದೇ ಮಗುವಿನ ಬಗ್ಗೆ ಓದಿದವರು ಹೆಚ್ಚು ದೇಣಿಗೆ ಕೊಟ್ಟರು. ಆ ಮಗುವಿನ ಕಥೆಯ ಪಕ್ಕದಲ್ಲೇ ಅಂಕಿಅಂಶವನ್ನೂ ಇಟ್ಟಾಗ ದೇಣಿಗೆ ಇಳಿಯಿತು. ಆದ್ದರಿಂದ ಮೊದಲು ಮನುಷ್ಯನನ್ನು ಪೂರ್ತಿ ಕಾಣಿಸಿ, ಸಂಖ್ಯೆ ಮುಂದಿನ ಪ್ಯಾರಾದಲ್ಲಿ ಬರಲಿ. ಆ ವ್ಯಕ್ತಿ ಕಲ್ಪಿತನಾದರೆ ಹಾಗೆಂದು ಹೇಳಿಬಿಡಿ. ವಿಮೆಯಂಥ ವಿಷಯದಲ್ಲಿ ಜನ ನಿಮ್ಮನ್ನು ನಂಬಿ ನಿರ್ಧಾರ ಮಾಡುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕರ್ತೃವಿಗೂ ಕ್ರಿಯೆಗೂ ನಡುವೆ ವಿಶೇಷಣಗಳನ್ನು ತುಂಬುತ್ತಾ ಹೋದರೆ, ಯಾರು ಏನು ಮಾಡಿದರು ಎಂದು ತಿಳಿಯುವ ಹೊತ್ತಿಗೆ ಓದುಗರಿಗೆ ವಾಕ್ಯದ ತಲೆಯೇ ಮರೆತಿರುತ್ತದೆ. ಅಂಥ ವಾಕ್ಯವನ್ನು ಎರಡು ಮಾಡಿ. ಸಾಲು ಸಾಲಾಗಿ 'ಆಗಿದೆ', 'ಮಾಡಲಾಗಿದೆ', 'ಹೇಳಲಾಗಿದೆ' ಎಂದು ಮುಗಿಯುವ ಪ್ಯಾರಾ ಕಂಡರೆ ಅದನ್ನೂ ಬಿಡಿಸಿ ಬರೆಯಿರಿ. ಮಾಡಿದವರು ಯಾರು ಎಂದು ಬರೆಯತೊಡಗಿದರೆ ಅರ್ಧದಷ್ಟು 'ಲಾಗಿದೆ' ತಾನಾಗಿ ಉದುರುತ್ತದೆ.

ಪ್ರಶ್ನೆ: ಬೇಸರ ಬರುವ ಜಾಗ ಯಾವುದು ಎಂದು ಪ್ರಕಟಿಸುವ ಮೊದಲೇ ತಿಳಿಯುವುದು ಹೇಗೆ? ನನ್ನ ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ.

ಬರೆದವರಿಗೆ ಯಾವಾಗಲೂ ಸ್ಪಷ್ಟವಾಗಿಯೇ ಕಾಣುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಬೇಕು, ಎದುರಿಗಿದ್ದವರು ಹಾಡು ಯಾವುದು ಎಂದು ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ತಟ್ಟಿದವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು ಮೂರನ್ನು. ತಟ್ಟುವವರ ತಲೆಯಲ್ಲಿ ಪೂರ್ತಿ ಹಾಡು ಕೇಳಿಸುತ್ತಿತ್ತು, ಎದುರಿಗಿದ್ದವರಿಗೆ ಕೇಳಿಸಿದ್ದು ಬರೀ ಟಕ್ ಟಕ್.

ಆದ್ದರಿಂದ ಇನ್ನೊಬ್ಬರ ಬಾಯಲ್ಲಿ ಓದಿಸಿ. ನಿಮ್ಮ ವಿಷಯ ಗೊತ್ತಿಲ್ಲದವರಾದರೆ ಒಳ್ಳೆಯದು. 'ಹೇಗಿದೆ?' ಎಂದು ಕೇಳಬೇಡಿ, ಮುಖ ನೋಡಿ 'ಚೆನ್ನಾಗಿದೆ' ಎಂದುಬಿಡುತ್ತಾರೆ. ಗಟ್ಟಿಯಾಗಿ ಓದಲು ಹೇಳಿ, ಪಕ್ಕದಲ್ಲಿ ಇನ್ನೊಂದು ಪ್ರತಿ ಹಿಡಿದು ಕೂತುಕೊಳ್ಳಿ. ಎಲ್ಲಿ ತಡವರಿಸಿದರು, ಎಲ್ಲಿ ಹಿಂದಿನ ಸಾಲಿಗೆ ಹೋದರು, ಎಲ್ಲಿ ದನಿ ಏರಿಳಿತವಿಲ್ಲದೆ ಓಡತೊಡಗಿತು ಎಂದು ಗುರುತು ಹಾಕಿಕೊಳ್ಳಿ. ಓದುವಾಗ ನಡುವೆ ಬಾಯಿ ಹಾಕಿ ವಿವರಿಸಬೇಡಿ. ಮುಗಿದ ಮೇಲೆ ಗುರುತು ಹಾಕಿದ ಒಂದೊಂದು ಜಾಗಕ್ಕೂ ಮರಳಿ, 'ಇಲ್ಲಿ ನಿಮಗೆ ಏನು ಅರ್ಥವಾಯಿತು?' ಎಂದು ಕೇಳಿ. ಅವರಿಗೆ ಗೊತ್ತಾಗದಿದ್ದರೆ ಆಗ ಬಾಯಿಮಾತಿನಲ್ಲಿ ಹೇಳಿ, ಹೇಳುತ್ತಿರುವಾಗಲೇ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎದುರಿಗಿರುವವರಿಗೆ ತಿಳಿಯಲಿ ಎಂದು ನೀವು ಆಡಿದ ಆ ಮಾತು ಬರೆದದ್ದಕ್ಕಿಂತ ಚಿಕ್ಕದಾಗಿಯೂ ಜೀವಂತವಾಗಿಯೂ ಇರುತ್ತದೆ. ಹಳೆಯ ಪ್ಯಾರಾ ಅಳಿಸಿ, ಆಡಿದ್ದನ್ನೇ ಆ ಜಾಗದಲ್ಲಿ ಬರೆಯಿರಿ.