ಪೆಡಲ್ ಎಳೆಯುವ ಹುಚ್ಚು

ಪ್ರಶ್ನೆ: ಬೂಟನ್ನು ಪೆಡಲ್‌ಗೆ ಸಿಕ್ಕಿಸಿಕೊಂಡು ಗುಂಡಗೆ ತುಳಿಯಬೇಕು, ಹಿಂದಿನ ಕಾಲು ಮೇಲಕ್ಕೆ ಎಳೀಬೇಕು ಅಂತಾರೆ. ಎರಡು ತಿಂಗಳು ಹೀಗೆ ಕಲಿತರೆ ವೇಗ ಹೆಚ್ಚುತ್ತದೆಯೇ? (ಜಮಖಂಡಿ)

ಉತ್ತರ: ಊರು ಬದಲಾಗುತ್ತದೆ, ಪ್ರಶ್ನೆ ಇದೇ. ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಕಾರ್ಫ್ ಎಂಬ ಸಂಶೋಧಕ ಮತ್ತು ಸಂಗಡಿಗರು 2007ರಲ್ಲಿ 8 ಸೈಕ್ಲಿಸ್ಟ್‌ಗಳನ್ನು 200 ವ್ಯಾಟ್, ನಿಮಿಷಕ್ಕೆ 90 ಸುತ್ತಿನಲ್ಲಿ ನಾಲ್ಕು ಬಗೆಯಾಗಿ ತುಳಿಸಿ ನೋಡಿದರು: ರೂಢಿಯಂತೆ, ಗುಂಡಗೆ, ಬರೀ ಒತ್ತಿ, ಮೇಲಕ್ಕೆ ಎಳೆದು. ಎಳೆದಾಗ ಪೆಡಲ್ ಮೇಲಿನ ಬಲದ ನಕ್ಷೆ ಚಂದ ಬಂತು. ಆದರೆ ಅದೇ 200 ವ್ಯಾಟ್‌ಗೆ ದೇಹದ ಖರ್ಚು ಏರಿತು.

ಕಾರಣ ಸರಳ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದರೆ ಇಳಿಯುವ ಕೊಡವೇ ಏರುವುದನ್ನು ಎತ್ತುತ್ತದಲ್ಲ, ಕಾಲೂ ಹಾಗೆಯೇ. ಏರುವ ಕಾಲಿನ ಭಾರ ನಷ್ಟವಲ್ಲ, ಅದೇ ಭಾರ ಇಳಿಯುವಾಗ ವಾಪಸ್ ಬರುತ್ತದೆ. ತೊಡೆ, ಪೃಷ್ಠದ ದೊಡ್ಡ ಸ್ನಾಯುಗಳು ಮಾಡುವ ಕೆಲಸವನ್ನು ತೊಡೆಸಂದಿಯ ಸಣ್ಣ ಸ್ನಾಯುಗಳಿಗೆ ಯಾಕೆ ಹೊರಿಸುತ್ತೀರಿ? 1991ರಲ್ಲಿ ಕಾಯ್ಲ್ ತಂಡ ಅಳೆದಾಗಲೂ ಮೇಲ್ದರ್ಜೆಯ ಸೈಕ್ಲಿಸ್ಟ್‌ಗಳು ಉಳಿದವರಿಗಿಂತ ಕೆಳಕ್ಕೆ ಜೋರಾಗಿ ಒತ್ತುತ್ತಿದ್ದರು. ಅವರ ಹೆಚ್ಚಿನ ಶಕ್ತಿ ಎಳೆತದಿಂದ ಬಂದದ್ದಲ್ಲ.

‘ಕಾರ್ಫ್ ತುಳಿಸಿದ ಆ ಎಂಟು ಮಂದಿಗೆ ಎಳೆಯುವ ರೂಢಿ ಇರಲಿಲ್ಲ, ಕಲಿತರೆ ಬೇರೆ’ ಎಂದು ವಾದಿಸುವವರಿದ್ದಾರೆ. ವಾದ ನ್ಯಾಯವಾದದ್ದೇ. ಒಂದು ಕಾಲು ಇನ್ನೊಂದನ್ನು ಎತ್ತದಂತೆ ಬಿಡಿಸಿದ ಕ್ರ್ಯಾಂಕ್‌ನಲ್ಲಿ (ಪೆಡಲ್ ಕೂಡಿಸುವ ತೋಳು) 6 ವಾರ ತಾಲೀಮು ಮಾಡಿಸಿದ 2003ರ ಅಧ್ಯಯನದಲ್ಲಿ ದಕ್ಷತೆ ಸುಧಾರಿಸಿತ್ತು. ಆದರೆ ಅದರಲ್ಲಿದ್ದವರು 12 ಮಂದಿ ಮಾತ್ರ. 2008, 2009ರಲ್ಲಿ ಬೇರೆ ತಂಡಗಳು ಅಂಥದೇ ಕ್ರ್ಯಾಂಕ್ ಹಾಕಿ ನೋಡಿದಾಗ ಆ ಲಾಭ ಕಾಣಲಿಲ್ಲ. ಕ್ರ್ಯಾಂಕ್ ಮಾರುವವರು ಮೊದಲನೆಯದನ್ನಷ್ಟೇ ತೋರಿಸುತ್ತಾರೆ.

ನಿಂತಲ್ಲಿಂದ ಹೊರಡುವಾಗ, ಕೊನೆಯ ಸ್ಪ್ರಿಂಟ್‌ನಲ್ಲಿ, ಕೆಲವು ಸೆಕೆಂಡು ಎಳೆಯಿರಿ, ಬೇಡ ಅನ್ನುವುದಿಲ್ಲ. ವಿಜಯಪುರ–ಸೊಲ್ಲಾಪುರ ರಸ್ತೆಯಲ್ಲಿ ಎದುರುಗಾಳಿಗೆ ಎರಡು ತಾಸು ಎಳೆದರೆ ತೊಡೆಸಂದಿ ಹಿಡಿದುಕೊಳ್ಳುತ್ತದೆ, ಅಷ್ಟೇ.

ನಂಬಿಕೆ ಬಾರದಿದ್ದರೆ ಟ್ರೇನರ್ ಸ್ಟ್ಯಾಂಡ್ (ಹಿಂದಿನ ಚಕ್ರವನ್ನು ರೋಲರ್‌ಗೆ ಒತ್ತಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡು) ಮೇಲೆ ನೀವೇ ಅಳೆಯಿರಿ. 15 ನಿಮಿಷ ಮೈ ಬಿಸಿ ಮಾಡಿ, ಒಂದೇ ಗೇರ್, ನಿಮಿಷಕ್ಕೆ 85 ಸುತ್ತು, 10 ನಿಮಿಷ ರೂಢಿಯಂತೆ, 10 ನಿಮಿಷ ಎಳೆದು ತುಳಿಯಿರಿ. ಎರಡರಲ್ಲೂ ಕೊನೆಯ 3 ನಿಮಿಷದ ಎದೆಬಡಿತ ಬರೆದಿಡಿ, ಹೆಚ್ಚು ಬಡಿದದ್ದೇ ಹೆಚ್ಚು ಖರ್ಚಿನ ತುಳಿತ. ಮರುದಿನ ಕ್ರಮ ತಿರುವುಮುರುವು ಮಾಡಿ, ಇಲ್ಲದಿದ್ದರೆ ಎರಡನೆಯದರ ದಣಿವು ಲೆಕ್ಕ ಕೆಡಿಸುತ್ತದೆ. ಟೈರಿನ ಗಾಳಿ, ರೋಲರ್ ಬಿಗಿತ, ಫ್ಯಾನಿನ ದೂರ ಎರಡೂ ದಿನ ಒಂದೇ ಇರಲಿ. ಹೆಚ್ಚಿನವರು ಎಡವುವುದೇ ಗಾಳಿಯಲ್ಲಿ: ಪಂಪು ಹೊಡೆಯುವುದು ಮರೆತರೆ ಟೈರು ರೋಲರ್ ಮೇಲೆ ಹೆಚ್ಚು ಒತ್ತಿ ಬಾಗುತ್ತದೆ, ತುಳಿತ ಭಾರವಾಗುತ್ತದೆ, ತಪ್ಪು ಮಾತ್ರ ‘ತಂತ್ರ’ದ ತಲೆಗೆ.

ಆ ಎರಡು ತಿಂಗಳನ್ನು ತಾಲೀಮಿಗೆ, ಅರ್ಧ ತಾಸನ್ನು ಸೀಟಿನ ಎತ್ತರಕ್ಕೆ ಕೊಡಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಮೊಣಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಹೆಚ್ಚುಕಮ್ಮಿ ಇದ್ದರೆ ಒಮ್ಮೆಗೆ 5 ಮಿಲಿಮೀಟರ್ ಸರಿಸಿ, ಮೂರ್ನಾಲ್ಕು ಸವಾರಿ ನೋಡಿ.

ಪ್ರಶ್ನೆ: ಜಾತ್ರೆಯ ಶರ್ಯತ್ತಿಗೆ ಸಾದಾ ಸೈಕಲ್. ಬೂಟು ಸಿಕ್ಕಿಸುವ ಪೆಡಲ್ ಹಾಕಿಸಲೇ? (ತಿಕೋಟಾ)

ಉತ್ತರ: ಆ ದುಡ್ಡಿಗೆ ಒಳ್ಳೆಯ ಟೈರು, ಹೊಸ ಚೈನು ಹಾಕಿಸಿ.

ಪ್ರಶ್ನೆ: ‘ನರ ಬಿಡಿಸುವ’ ಎಣ್ಣೆ ತಿಕ್ಕಿಸಿದರೆ ಕಾಲು ಗುಂಡಗೆ ತಿರುಗುತ್ತದಂತೆ? (ಗೋಕಾಕ)

ಉತ್ತರ: ಎಣ್ಣೆ ಚೈನಿಗೆ ಹಾಕಿ. ಮೊಣಕಾಲು ನಿಜವಾಗಿ ಬಾತಿದ್ದರೆ ತಿಕ್ಕುವವನ ಬಳಿಯಲ್ಲ, ಎಲುಬಿನ ಡಾಕ್ಟರ ಬಳಿ ಹೋಗಿ. ಅಲ್ಲಿಯವರೆಗೆ ಸೈಕಲ್ ಗೋಡೆಗೆ ಒರಗಿರಲಿ.