ಥ್ರಿಲ್ಲರ್ ಕಾದಂಬರಿಗಳಲ್ಲಿ ಹ್ಯಾಕರ್ ಕ್ಷಣದಲ್ಲಿ ಪಾಸ್‌ವರ್ಡ್ ಒಡೆಯುತ್ತಾನಲ್ಲ, ಅದು ನಿಜವೇ?

ಲಾಗಿನ್ ಪುಟದಲ್ಲಿ ಒಂದೊಂದೇ ಪಾಸ್‌ವರ್ಡ್ ಹಾಕುತ್ತ ಕೂತರೆ ಆಗದ ಮಾತು; ಕೆಲವು ಸಲ ತಪ್ಪಿದರೆ ಸಾಮಾನ್ಯವಾಗಿ ಖಾತೆಯೇ ಲಾಕ್ ಆಗುತ್ತದೆ. ಹ್ಯಾಶ್ ಮಾಡಿಟ್ಟ, ಅಂದರೆ ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿ ಬದಲಿಸಿಟ್ಟ, ಪಾಸ್‌ವರ್ಡ್‌ಗಳ ಡೇಟಾಬೇಸ್ ಮೊದಲೇ ಕಳ್ಳನ ಕೈಸೇರಿದ್ದರೆ ಮಾತ್ರ ಆ ವೇಗ ಸಾಧ್ಯ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳ ಪಾಸ್‌ವರ್ಡ್‌ಗೆ ಸುಮಾರು 20,900 ಕೋಟಿ ಸಾಧ್ಯತೆಗಳಿವೆ. ಹ್ಯಾಶ್ ಮಾಡಿದ್ದು ಎಂಡಿ5 ಎಂಬ ಹಳೆಯ ವಿಧಾನದಲ್ಲಾಗಿದ್ದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ನಿಮಿಷದೊಳಗೆ ಜಾಲಾಡಿಬಿಡುತ್ತದೆ. ಬೇಕೆಂದೇ ನಿಧಾನವಾಗಿಸಿದ ಬಿಕ್ರಿಪ್ಟ್ ಎಂಬ ವಿಧಾನವಾದರೆ ವರ್ಷಗಳೇ ಹಿಡಿಯಬಹುದು. ಕತೆಗಾರರು ಈ ವ್ಯತ್ಯಾಸದ ಗೊಡವೆಗೇ ಹೋಗುವುದು ಕಡಿಮೆ.

ನನ್ನನ್ನು ಕೇಳಿದರೆ, “ಸಾರ್, ಐಟಿ ವಿಭಾಗದಿಂದ ಮಾತಾಡ್ತಿದೀನಿ, ಈಗ ಬಂದ ಒಟಿಪಿ ಹೇಳ್ತೀರಾ?” ಎಂಬ ಕರೆಯೇ ಹೆಚ್ಚು ನಂಬುವಂಥ ದೃಶ್ಯ. ಪಾಸ್‌ವರ್ಡ್ ಎಷ್ಟುದ್ದ ಇದ್ದರೂ ಅಲ್ಲಿ ಕೆಲಸಕ್ಕೆ ಬಾರದು. ಒಟಿಪಿ ಬದಲು ಯುಎಸ್‌ಬಿ ಸೆಕ್ಯುರಿಟಿ ಕೀ (ಲಾಗಿನ್ ಆಗಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ) ಇದ್ದರೆ ಮಾತ್ರ ಫೋನಿನಲ್ಲಿ ಓದಿ ಹೇಳಲು ಸಂಖ್ಯೆಯೇ ಇರುವುದಿಲ್ಲ.